ಕೇಪುಳ ಬೇಡುವ ಮಣ್ಣು

ನಮ್ಮ ಗುಡ್ಡೆಯಲ್ಲಿ ಕೇಪುಳವನ್ನು ನೆಟ್ಟವರು ಯಾರೂ ಇಲ್ಲ. ಪುತ್ತೂರಿನ ಕಡೆಯ ಮನೆ ನಮ್ಮದು. ಅಡಿಕೆ ತೋಟ ಮುಗಿದು ಮುರಕಲ್ಲಿನ ಇಳಿಜಾರು ಶುರುವಾಗುವಲ್ಲಿ, ಕರಂಡೆ, ಕುಂಟುನೇರಳೆ, ಚೂರಿಮುಳ್ಳುಗಳ ನಡುವೆ ಅದು ತಾನಾಗಿ ಬೆಳೆದಿತ್ತು. ಎಪ್ರಿಲಿನಲ್ಲಿ ಮುಳಿಹುಲ್ಲು ಒಣಗಿ ಗುಡ್ಡೆಯೆಲ್ಲ ಬೂದು ಬಣ್ಣಕ್ಕೆ ತಿರುಗಿದ ಮೇಲೂ ಕೇಪುಳ ಮಾತ್ರ ಕೆಂಪಗೆ ಅರಳಿಯೇ ಇರುತ್ತಿತ್ತು. ಹಟ್ಟಿಗೆ ಸೊಪ್ಪು ತರಲು ಹೋದವರು ಉಳಿದ ಗಿಡಗಳ ಜೊತೆಗೆ ಅದನ್ನೂ ಸವರಿ ಹಾಕುತ್ತಿದ್ದರು. ಗುಡ್ಡೆಗೆ ಬೆಂಕಿ ಬಿದ್ದ ವರ್ಷ ಮೇಲಿನ ಗೆಲ್ಲೆಲ್ಲ ಸುಟ್ಟು ಕರಕಲಾಗುತ್ತಿತ್ತು. ನಾಲ್ಕು ಮಳೆ ಬಿದ್ದರೆ ಬುಡದಿಂದ ಮತ್ತೆ ತಾಮ್ರಬಣ್ಣದ ಚಿಗುರು. ಯಾರೂ ನೀರು ಹಾಕಿದ್ದಿಲ್ಲ, ಗೊಬ್ಬರದ ಮಾತೇ ಇಲ್ಲ.

ಹೂವಿನ ಗೊಂಚಲು ಗೆಲ್ಲಿನ ತುದಿಯಲ್ಲೇ ಬರುತ್ತದೆ. ಒಂದೊಂದು ಹೂವಿಗೂ ನಾಲ್ಕು ಎಸಳು, ಕೆಳಗೆ ಒಂದು ಅಂಗುಲಕ್ಕಿಂತ ಉದ್ದದ ಸಪೂರ ಕೊಳವೆ. ಕೊಳವೆಯ ಒಳಗಿನ ದಾರದಂಥ ಎಳೆಯನ್ನು ಮೆಲ್ಲಗೆ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು ಬರುತ್ತಿತ್ತು. ಶಾಲೆಯಿಂದ ಬರುವ ದಾರಿಯಲ್ಲಿ ನಾವು ಅದನ್ನು ಚೀಪುತ್ತಿದ್ದೆವು. ಖಾಲಿಯಾದ ಹೂಗಳನ್ನು ಒಂದರ ಕೊಳವೆಗೆ ಇನ್ನೊಂದನ್ನು ಸಿಕ್ಕಿಸಿ ಬಳೆ ಮಾಡುತ್ತಿದ್ದೆವು. ನಮಗಿಂತ ಮೊದಲೇ ಬಂದು ಜೇನು ಕುಡಿದು ಹೋದ ಚಿಟ್ಟೆಗಳೂ ಸೂರಕ್ಕಿಗಳೂ ಇರುತ್ತಿದ್ದವು. ಅಷ್ಟು ಉದ್ದದ ಕೊಳವೆಯ ತಳ ಮುಟ್ಟಲು ಉದ್ದ ನಾಲಗೆಯೋ ಕೊಕ್ಕೋ ಬೇಕು. ಹಣ್ಣಾಗುವ ಹೊತ್ತಿಗೆ ಪಿಕಳಾರಗಳ ಸರದಿ. ಕೆಂಪಿನಿಂದ ಕಪ್ಪಿಗೆ ತಿರುಗಿದ ಪುಟ್ಟ ಹಣ್ಣಿಗೆ ಸಿಹಿಯೂ ಒಂದಿಷ್ಟು ಒಗರೂ ಸೇರಿದ ರುಚಿ. ತಿಂದರೆ ಹಲ್ಲಿನ ಸಂದಿನಲ್ಲಿ ಎರಡು ಬೀಜ ಉಳಿಯುತ್ತಿದ್ದವು.

"ಹೂ ಕೊಯ್ಯುವಾಗ ಗೆಲ್ಲು ಸೀಳಬೇಡ ಮಗಾ," ಎಂದು ಅಜ್ಜಿ ಹೇಳಿ ಕಳಿಸುತ್ತಿದ್ದಳು. ಮಳೆಗಾಲದಲ್ಲಿ ಯಾರದಾದರೂ ಹೊಟ್ಟೆ ಕೆಟ್ಟರೆ ಕೇಪುಳದ ಹೂವೋ ಎಳೆ ಕುಡಿಯೋ ಬುಟ್ಟಿಗೆ ಬೀಳುತ್ತಿತ್ತು. ತುಪ್ಪದಲ್ಲಿ ಜೀರಿಗೆ, ಒಳ್ಳೆಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಹಾಕಿ ಅರೆದು, ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿ. ಬಣ್ಣ ಮಾಸಲು ಗುಲಾಬಿ. ಕುಚ್ಚಲಕ್ಕಿಯ ಬಿಸಿ ಅನ್ನಕ್ಕೆ ಅದನ್ನು ಸುರಿದುಕೊಂಡು ಉಂಡರೆ ಆ ದಿನಕ್ಕೆ ಬೇರೆ ಪದಾರ್ಥ ಬೇಡ.

ದೇವರಿಗೂ ಕೇಪುಳ ಬೇಕಿತ್ತು. ಆದರೆ ಎಲ್ಲ ದೇವರಿಗಲ್ಲ. ದುರ್ಗೆಗೆ ಅದರ ಮಾಲೆ, ಕೋಲದ ದಿನ ದೈವಕ್ಕೆ ಅದರ ಕೆಂಪು. ಈಶ್ವರನ ಪೂಜೆಗೆ ಮನೆಯಲ್ಲಿ ತುಂಬೆ, ಬಿಲ್ವಪತ್ರೆ ಇರುತ್ತಿದ್ದವು. ಕೇಪುಳ ಆ ಹರಿವಾಣಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಈ ಸಣ್ಣ ಸಂಗತಿ ಮುಂದೆ ಬಹಳ ವರ್ಷಗಳ ಮೇಲೆ, ಗಿಡದ ಇನ್ನೊಂದು ಹೆಸರಿನ ಕಥೆ ಓದುವಾಗ ನೆನಪಾಯಿತು.

ಬ್ಯಾಂಕಿನ ನೌಕರಿ ಹಿಡಿದವರಿಗೆ ವರ್ಗ ತಪ್ಪುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಬೆನ್ನು ಹಿಡಿದು ಕರಾವಳಿಯ ಎಷ್ಟೋ ಮಂದಿ ನಾಡಿನ ಮೂಲೆ ಮೂಲೆಗೆ ಹೋಗಿದ್ದಾರೆ. ತೊಂಬತ್ತರ ದಶಕದಲ್ಲಿ ನನ್ನ ಪಾಲಿಗೆ ಬಂದದ್ದು ವಿಜಯಪುರ. ಕಾಗದದ ಮೇಲೆ ಆಗಿನ್ನೂ ಬಿಜಾಪುರ, ಊರ ಜನರ ಬಾಯಲ್ಲಿ ವಿಜಾಪುರ. ಬಾಡಿಗೆ ಮನೆಯ ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತಿತ್ತು. ಮುಂದೆ ಒಂದಿಷ್ಟು ಜಾಗ, ಅದರಲ್ಲಿ ಕಣಗಿಲೆ, ದಾಸವಾಳ. ಒಂದು ಮಳೆಗಾಲ ಊರಿಗೆ ಹೋದವಳು ಬೇರು ಬಂದಿದ್ದ ಕೇಪುಳದ ಗೆಲ್ಲೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದು ಕಾಂಪೌಂಡ್ ಗೋಡೆಯ ಪಕ್ಕ ನೆಟ್ಟೆ. ಊರಿನಿಂದ ಒಂದು ಗಿಡ ಜೊತೆಗಿರಲಿ ಎಂಬ ಆಸೆ, ಬೇರೇನಿಲ್ಲ.

ಗಿಡ ಸಾಯಲಿಲ್ಲ. ಹೊಸ ಎಲೆಗಳನ್ನೂ ಬಿಟ್ಟಿತು. ಆದರೆ ಆ ಎಲೆಗಳು ಹುಟ್ಟುವಾಗಲೇ ಹಳದಿ, ನಡುವೆ ಹಸಿರು ನರಗಳು ಮಾತ್ರ ಗೀಚಿದ ಹಾಗೆ ಎದ್ದು ಕಾಣುತ್ತಿದ್ದವು. ಮುಂದಿನ ಚಿಗುರು ಇನ್ನೂ ಬಿಳಿಚಿತ್ತು, ಅಂಚು ಸುಟ್ಟಂತೆ ಕಂದಾಗಿತ್ತು. ಮನೆಯ ಮಾಲಕರ ಹೆಂಡತಿ ಕಸ ಗುಡಿಸುತ್ತಾ ಒಂದು ದಿನ ಅದರ ಮುಂದೆ ನಿಂತರು.

"ಇದಕ್ಕ ಕಾಮಣಿ ಆಗೈತ್ರಿ ಅಕ್ಕಾರ. ನೋಡ್ರಿ, ಎಲಿ ಹೆಂಗ ಹಳದಿ ಆಗ್ಯಾವ!"

ಅವರ ಮಗ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ. ರವಿವಾರ ಮನೆಗೆ ಬಂದಾಗ ಅವನು ಮೊದಲು ನೋಡಿದ್ದು ಕೆಳಗಿನ ಹಳೆಯ ಎಲೆಗಳನ್ನು. ಅವು ಹಸಿರಾಗಿದ್ದವು. ಅಷ್ಟು ಸಾಕಾಯಿತು ಅವನಿಗೆ. ಗೊಬ್ಬರದ ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ, ಏಕೆಂದರೆ ಗಿಡ ಅಲ್ಲಿಂದ ಅದನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕಳಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಬರುವುದಿಲ್ಲ. ಹಳೆಯ ಎಲೆಗೆ ಸೇರಿದ ಕಬ್ಬಿಣ ಹೆಚ್ಚಿನಂಶ ಅಲ್ಲೇ ಉಳಿಯುತ್ತದೆ, ಹೊಸ ಎಲೆಗೆ ಬೇರಿನಿಂದಲೇ ಹೊಸದಾಗಿ ಬರಬೇಕು. ಅದು ಬರದಿದ್ದರೆ ಎಲೆಯ ಹಸಿರು ತಯಾರಾಗದು.

"ಹಂಗಾರ ಈ ಮಣ್ಣಲ್ಲಿ ಕಬ್ಬಿಣ ಇಲ್ಲವಾ?" ಎಂದು ನಾನು ಅರ್ಧ ಅವರ ಭಾಷೆಯಲ್ಲಿ, ಅರ್ಧ ನನ್ನ ಭಾಷೆಯಲ್ಲಿ ಕೇಳಿದೆ.

"ಮಣ್ಣಿನ್ಯಾಗ ಬೇಕಾದಷ್ಟ ಐತ್ರಿ ಅಕ್ಕಾರ. ಗಿಡಕ್ಕ ಸಿಗವಲ್ದು, ಅಷ್ಟ."

ಆ ಹುಡುಗ ಹೇಳಿಕೊಟ್ಟದ್ದರ ಮೇಲೆ ಮುಂದೆ ನಾನು ಓದಿಕೊಂಡದ್ದೂ ಸೇರಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಲಕ್ಷಾಂತರ ವರ್ಷ ಹಾಗೆ ಸುರಿದ ಮಳೆ ಕಲ್ಲಿನೊಳಗಿನ ಸುಣ್ಣವನ್ನೂ ಮೆಗ್ನೀಶಿಯಮನ್ನೂ ಸಿಲಿಕಾವನ್ನೂ ತೊಳೆದು ಸಮುದ್ರಕ್ಕೆ ಸೇರಿಸಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು. ಮುರಕಲ್ಲಿನ ಕೆಂಪೆಂದರೆ ಅದೇ ಕಬ್ಬಿಣದ ತುಕ್ಕು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರಂ ಎಂಬಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದದಿಂದ ಹುಟ್ಟಿದ ಹೆಸರು. ನೆಲದಿಂದ ಕಡಿದು ತೆಗೆದು ಗೋಡೆ ಕಟ್ಟುವ ಕಲ್ಲಿಗೆ ಸರಿಯಾದ ಹೆಸರೇ. ಇಂಥ ಮಣ್ಣು ಹುಳಿ. ಪಿಎಚ್ ಲೆಕ್ಕದಲ್ಲಿ 7 ನಡುವಿನದಾದರೆ, ಕೇಪುಳಕ್ಕೆ ಹಿತವಾದದ್ದು 5ರಿಂದ 6ರ ಆಸುಪಾಸು. ಹುಳಿ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ.

ವಿಜಯಪುರದ ಎರೆ ಮಣ್ಣು ಇದಕ್ಕೆ ತದ್ವಿರುದ್ಧ. ಅದು ದಖ್ಖನಿನ ಕಪ್ಪು ಶಿಲೆ ಕರಗಿ ಆದ ಮಣ್ಣು. ವರ್ಷಕ್ಕೆ 600 ಮಿಲಿಮೀಟರ್ ಸುತ್ತಮುತ್ತ ಬೀಳುವ ಮಳೆಗೆ ಸುಣ್ಣವನ್ನು ತೊಳೆದೊಯ್ಯುವ ಶಕ್ತಿಯಿಲ್ಲ. ಅಗೆದರೆ ಬಿಳಿಯ ಸುಣ್ಣದ ಹರಳುಗಳು ಕೈಗೆ ಸಿಗುತ್ತವೆ. ಪಿಎಚ್ 8ರ ಮೇಲೆ. ಅಲ್ಲಿ ಕಬ್ಬಿಣ ಇದ್ದೂ ಕರಗದ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ಎರೆ ಬಿರಿದು ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ, ಮಳೆಯಲ್ಲಿ ಉಬ್ಬಿ ಗಾಳಿ ತಡೆಯುತ್ತದೆ. ನಮ್ಮ ಗಿಡದ ಪಕ್ಕದಲ್ಲಿದ್ದ ಗೋಡೆಯ ಗಾರೆಯಿಂದ ಇಳಿಯುವ ಸುಣ್ಣ ಬೇರೆ. ಬೀದಿಯ ಕೊನೆಯಲ್ಲಿ ನಾಲ್ಕಾರು ಮನೆಗಳ ತೋಟ ನೋಡಿಕೊಳ್ಳುತ್ತಿದ್ದ ಮಾಲಿ ಅಜ್ಜ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ: "ಎರಿ ಮಣ್ಣು ಜ್ವಾಳಕ್ಕ, ಕಡ್ಲಿಗೆ ಬೇಕ್ರಿ ಬಾಯಾರ. ನಿಮ್ಮ ಗಿಡಕ್ಕ ಅದು ಬ್ಯಾಡ."

ಮಾಲಿ ಅಜ್ಜನೇ ಒಂದು ಹಳೆಯ ತಗಡಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ ತಂದ. ಸಿಮೆಂಟಿನ ಕುಂಡ ಬೇಡವೆಂದು ಹುಡುಗ ಹೇಳಿದ್ದ, ಅದರಿಂದಲೂ ಸುಣ್ಣ ಬಿಡುತ್ತದಲ್ಲ. ತಳಕ್ಕೆ ತೂತು, ಅದರ ಮೇಲೆ ಹಂಚಿನ ಚೂರು, ಅದರ ಮೇಲೆ ಊರಿನಿಂದ ಅಣ್ಣ ಬಸ್ಸಿನಲ್ಲಿ ಹಾಕಿ ಕಳಿಸಿದ ಗುಡ್ಡೆಯ ಕೆಮ್ಮಣ್ಣು, ತರಗೆಲೆ ಕೊಳೆತ ಗೊಬ್ಬರ, ಒಂದಿಷ್ಟು ದಪ್ಪ ಮರಳು. ಗಿಡವನ್ನು ಅದಕ್ಕೆ ವರ್ಗ ಮಾಡಿದೆವು. ಬೆಳಗಿನ ಬಿಸಿಲು ಪೂರ್ತಿ ಬೀಳುವ ಜಾಗ ಹುಡುಕಿದೆವು. ನೆರಳಿನಲ್ಲಿಟ್ಟರೆ ಕೇಪುಳ ಎಲೆ ಬಿಟ್ಟುಕೊಂಡು ಚೆನ್ನಾಗಿಯೇ ಇರುತ್ತದೆ, ಆದರೆ ಹೂವು ಅಪರೂಪ.

ಮಣ್ಣು ಬದಲಾದರೆ ಮುಗಿಯಿತು ಎಂದುಕೊಳ್ಳುವಂತಿರಲಿಲ್ಲ. ಅಲ್ಲಿನ ಬೋರಿನ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು. ದಿನಾ ಅದನ್ನೇ ಹಾಕಿದರೆ ಊರಿನ ಮಣ್ಣೂ ಕೆಲವು ತಿಂಗಳಲ್ಲಿ ಸುಣ್ಣದ ಮಣ್ಣಾಗುತ್ತದೆ. ಹಾಗಾಗಿ ಮಾಳಿಗೆಯ ಮಳೆನೀರನ್ನು ಹಂಡೆಗಳಲ್ಲಿ ಹಿಡಿದಿಟ್ಟು, ಆದಷ್ಟು ದಿನ ಅದನ್ನೇ ಉಣಿಸಿದೆ. ಮಾಲಕರ ಮನೆಯವರೂ ತಮ್ಮ ಪಾತ್ರೆಗಳನ್ನು ಸೂರಿನಡಿಗೆ ತಂದಿಡುತ್ತಿದ್ದರು. ನೀರಿಗೆ ಬರವಿದ್ದ ಊರಿನಲ್ಲಿ ಒಂದು ಹೂವಿನ ಗಿಡಕ್ಕೆಂದು ಅವರು ಮಾಡಿದ ಈ ಉಪಕಾರವನ್ನು ನಾನು ಮರೆಯಲಾರೆ.

ಇನ್ನೊಂದು ಮದ್ದು ಅನ್ನಭೇದಿ. ಬಣ್ಣ ಹಾಕುವವರೂ ನಾಟಿ ವೈದ್ಯರೂ ಬಲ್ಲ ಹಳೆಯ ವಸ್ತು. ಕಬ್ಬಿಣದ ಸಲ್ಫೇಟಿಗೆ ನಮ್ಮಲ್ಲಿರುವ ಹೆಸರು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಎರಡೂ ಬದಿ ಸಿಂಪಡಿಸಬೇಕು. ಆಮ್ಲ ಬೆರೆಸದಿದ್ದರೆ ನೀರಿನಲ್ಲೇ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಗೋಡೆಗೆ ಬಿದ್ದ ಹನಿಗಳು ಕಂದು ಕಲೆಗಳಾಗಿ ಉಳಿದವು. ಈಗ ಅಂಗಡಿಗಳಲ್ಲಿ ಕೀಲೇಟ್ ರೂಪದ ಕಬ್ಬಿಣವೂ ಸಿಗುತ್ತದೆ. ಮಣ್ಣಿಗೆ ಹಾಕುವುದಾದರೆ ಪೊಟ್ಟಣದ ಮೇಲೆ ಏನಿದೆ ಎಂದು ಓದಿಕೊಳ್ಳಿ: ಇಡಿಟಿಎ ಎಂಬ ಜಾತಿಯದು ಸುಣ್ಣದ ಮಣ್ಣಿನಲ್ಲಿ ಬೇಗನೆ ಕಬ್ಬಿಣವನ್ನು ಬಿಟ್ಟುಕೊಡುತ್ತದೆ, ಇಡಿಡಿಎಚ್‌ಎ ಎಂಬುದು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಹೊಸ ಚಿಗುರು ಈ ಬಾರಿ ತಾಮ್ರಬಣ್ಣದಲ್ಲಿ ಬಂತು, ಬಲಿತಂತೆ ಹೊಳೆಯುವ ಹಸಿರಾಯಿತು. ಮುಂದಿನ ಬೇಸಿಗೆಗೆ ತುದಿಗಳಲ್ಲಿ ಮೊಗ್ಗಿನ ಗೊಂಚಲು. ಮಾಲಕರ ಹೆಂಡತಿ ಮೊದಲ ಗೊಂಚಲನ್ನು ಕೊಯ್ದು ಎಲ್ಲಮ್ಮನ ಪಟಕ್ಕೆ ಏರಿಸಿದರು. ಕೆಂಪು ಹೂ ದೇವಿಗೆ ಸಲ್ಲುವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಊರಿನ ಒಂದು ನರ್ಸರಿಯಲ್ಲಿ ಕೇಪುಳದ ಸಣ್ಣ ತಳಿಯೊಂದನ್ನು ನೋಡಿ, ಇದು ಏನೆಂದು ಕೇಳಿದಾಗ "ಇಕ್ಸೋರಾ" ಎಂಬ ಉತ್ತರ ಬಂದಿತ್ತು. ಆ ಹೆಸರು ಎಲ್ಲಿಯದೆಂದು ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ ಬಿಡುವಿನಲ್ಲಿ ಹುಡುಕಿಕೊಂಡು ಹೋದೆ. ಸ್ವೀಡನ್ನಿನ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಇದನ್ನು ಇಕ್ಸೋರಾ ಕೊಕ್ಸಿನಿಯಾ ಎಂದು ದಾಖಲಿಸಿದ. ಕೊಕ್ಸಿನಿಯಾ ಎಂದರೆ ಕಡುಗೆಂಪು. ಬಟ್ಟೆಗೆ ಕೆಂಪು ಬಣ್ಣ ಕೊಡುತ್ತಿದ್ದ ಒಂದು ಕೀಟದ ಹೆಸರಿನಿಂದ ಬಂದದ್ದು. ಇಕ್ಸೋರಾ ಎಂಬುದು ಮಾತ್ರ ನಮ್ಮ ಕಡೆಯದೇ. ಮಲಬಾರಿಗೆ ಬಂದ ಪೋರ್ಚುಗೀಸರು ಈಶ್ವರ ಎಂಬುದನ್ನು ತಮ್ಮ ಲಿಪಿಯಲ್ಲಿ ಬರೆದದ್ದು ಹಾಗೆ. ಅವರ ಆ ಅಕ್ಷರಕ್ಕೆ 'ಶ' ಎಂಬ ಉಚ್ಚಾರ. ಉಳಿದ ಯುರೋಪು ಅದನ್ನು 'ಕ್ಸ' ಎಂದು ಓದಿತು. ಈ ಹೂವನ್ನು ಆ ದೇವರಿಗೆ ಏರಿಸುತ್ತಾರೆ ಎಂದು ಕೇಳಿ ಗಿಡಕ್ಕೆ ಆ ಹೆಸರಿಟ್ಟರು. ನಮ್ಮ ಮನೆಯ ಹರಿವಾಣದ ಲೆಕ್ಕದಲ್ಲಿ ಅದು ಸರಿಹೊಂದುವುದಿಲ್ಲ. ಈಶ್ವರಿ ಎಂಬುದೇ ಮೂಲವೆಂದು ಹೇಳುವವರ ಪಕ್ಷಕ್ಕೆ ನನ್ನ ಮನಸ್ಸು ವಾಲುತ್ತದೆ.

ಲಿನೇಯಸ್ಸಿಗಿಂತ ಮುಕ್ಕಾಲು ಶತಮಾನ ಮೊದಲೇ ಈ ಗಿಡ ಅಚ್ಚಿನ ಪುಟ ಕಂಡಿತ್ತು. ಕೊಚ್ಚಿಯಲ್ಲಿ ಡಚ್ಚರ ಆಡಳಿತ ನಡೆಸುತ್ತಿದ್ದ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' 1678ರಿಂದ 1693ರ ತನಕ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. ಎರಡನೆಯ ಸಂಪುಟದಲ್ಲಿ ಇದರ ಚಿತ್ರವಿದೆ, ಹೆಸರು ಚೆತ್ತಿ. ಮಲಯಾಳಿಗಳು ಇಂದಿಗೂ ಹೇಳುವುದು ಚೆತ್ತಿ, ತೆಚ್ಚಿ ಎಂದೇ. ಗಿಡಗಳ ಗುಣ ಹೇಳಿದವರು ಚೇರ್ತಲದ ಕಡೆಯ ಇಟ್ಟಿ ಅಚ್ಯುತನ್ ವೈದ್ಯರು; ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಆ ಪುಸ್ತಕ ಗಿಡವನ್ನು ಕೇಳಬೇಕಾದವರ ಬಳಿ ಕೇಳಿ, ಅವರ ಬಾಯಲ್ಲಿದ್ದ ಹೆಸರಿನಿಂದಲೇ ಕರೆಯಿತು. ಅದಕ್ಕಾಗಿ ನನಗೆ ಅದರ ಮೇಲೆ ವಿಶೇಷ ಗೌರವ. ಎಷ್ಟೋ ಶತಮಾನ ಲ್ಯಾಟಿನ್ನಿನಲ್ಲೇ ಮುಚ್ಚಿಹೋಗಿದ್ದ ಅದನ್ನು ಕೆ.ಎಸ್. ಮಣಿಲಾಲ್ ತಮ್ಮ ಆಯುಷ್ಯದ ಬಹುಭಾಗ ಕೊಟ್ಟು ಇಂಗ್ಲಿಷಿಗೂ ಮಲಯಾಳಕ್ಕೂ ತಂದರು.

ತಮಿಳರಲ್ಲಿ ಇದರ ಹೆಸರು ವೆಟ್ಚಿ. ಶತ್ರುಗಳ ದನ ಹಿಡಿಯಲು ಹೊರಟ ವೀರರು ಈ ಹೂವನ್ನು ಮುಡಿಯುತ್ತಿದ್ದರೆಂದು ಸಂಗಂ ಕಾಲದ ಕಾವ್ಯಶಾಸ್ತ್ರ ಆ ಬಗೆಯ ಪದ್ಯಗಳಿಗೆಲ್ಲ ವೆಟ್ಚಿ ಎಂದೇ ಹೆಸರು ಕೊಟ್ಟಿತು. ಈಗಿನ ಅಲ್ಲಿನ ಮಕ್ಕಳು ಅದನ್ನೇ ಇಡ್ಲಿ ಹೂ ಎನ್ನುತ್ತಾರೆ. ತೆಲುಗಿನಲ್ಲಿ ನೂರು ವರಹಾಲು. ಗೊಂಚಲನ್ನು ನೂರು ಚಿನ್ನದ ನಾಣ್ಯವಾಗಿ ಕಂಡ ಕಣ್ಣು ಅದು. ಬಂಗಾಳಿಗಳಿಗೆ ರಂಗನ್. ನಮ್ಮಲ್ಲೇ ಕೇಪುಳ, ಕೇಪಳ ಎಂದೂ, ಗುಡ್ಡೆದಾಸಾಳ, ಹೊಳೆದಾಸಾಳ ಎಂದೂ ಹೇಳುವವರಿದ್ದಾರೆ. ದಾಸವಾಳಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದು ಕಾಫಿಯ ಕುಟುಂಬದ್ದು. ಎದುರುಬದುರಾಗಿ ಬರುವ ಎಲೆಗಳನ್ನೂ ಎರಡು ಬೀಜದ ಹಣ್ಣನ್ನೂ ನೋಡಿದರೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಆದರೂ ಗುಡ್ಡೆದಾಸಾಳ ಎಂಬ ಹೆಸರೇ ನನಗೆ ಎಲ್ಲಕ್ಕಿಂತ ಇಷ್ಟ, ಏಕೆಂದರೆ ಈ ಗಿಡ ಎಲ್ಲಿ ಬಾಳುತ್ತದೆ ಎಂಬುದು ಆ ಹೆಸರಿನೊಳಗೇ ಇದೆ. ಅದನ್ನು ಕೇಳಿಸಿಕೊಂಡವರು ಗಿಡವನ್ನು ಎರೆ ಹೊಲದಲ್ಲಿ ಹುಡುಕುವುದಿಲ್ಲ.

ನರ್ಸರಿಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಗುಡ್ಡೆಯದಲ್ಲ. ದಕ್ಷಿಣ ಚೀನಾದ, ಜಾವಾದ ಇಕ್ಸೋರಾಗಳು, ಮೊಣಕಾಲೆತ್ತರ ಮೀರದ ಗಿಡ್ಡ ತಳಿಗಳು, ಹಳದಿ, ಗುಲಾಬಿ, ಬಿಳಿ. ಅಮೆರಿಕದ ದಕ್ಷಿಣ ಫ್ಲೋರಿಡಾದಲ್ಲಿ ಮನೆಮನೆಗೂ ಇದರ ಬೇಲಿ; ಅಲ್ಲಿನ ನೆಲವೂ ಸುಣ್ಣಕಲ್ಲಿನದಾದ್ದರಿಂದ ವಿಜಯಪುರದ ಕಾಮಣಿಯೇ ಅಲ್ಲಿಯೂ. ಬಣ್ಣ ಬದಲಾದರೂ, ದೇಶ ಬದಲಾದರೂ ಇವುಗಳ ಬೇರು ಬೇಡುವುದು ಒಂದೇ: ಹುಳಿ ಮಣ್ಣು, ನಿಲ್ಲದ ನೀರು, ಬಿಸಿಲು, ಬೆಚ್ಚನೆಯ ಹವೆ. ಕತ್ತರಿಯಿಂದ ಚೌಕವಾಗಿ ಪದೇ ಪದೇ ಸವರಿದ ಬೇಲಿಗಳಲ್ಲಿ ಹೂವು ಕಾಣದಿರುವುದಕ್ಕೆ ಕಾರಣ ಅಜ್ಜಿಗೆ ಗೊತ್ತಿತ್ತು. ಗೆಲ್ಲಿನ ತುದಿಯನ್ನೇ ಕಳೆದುಕೊಂಡ ಗಿಡ ಹೂವನ್ನು ಎಲ್ಲಿ ಬಿಟ್ಟೀತು? ಹೂವಿನ ಸುಗ್ಗಿ ಮುಗಿದ ಮೇಲೆ ಒಂದು ಸಲ ಹಗುರಾಗಿ ಸವರಿದರೆ ಸಾಕು.

ಈಗ ನಾನು ಮತ್ತೆ ಊರಿನಲ್ಲಿದ್ದೇನೆ. ಸುತ್ತಲಿನ ಗುಡ್ಡೆಗಳಲ್ಲಿ ಜೆಸಿಬಿಯ ಸದ್ದು ನಿಲ್ಲುವುದೇ ಇಲ್ಲ. ಒಂದು ಬದಿ ರಬ್ಬರು, ಇನ್ನೊಂದು ಬದಿ ಮುರಕಲ್ಲಿನ ಕೋರೆ, ಮತ್ತೊಂದೆಡೆ ಮಟ್ಟಸ ಮಾಡಿದ ಮನೆ ಸೈಟುಗಳು. ಸೈಟಿಗಾಗಿ ಕೇಪುಳದ ಪೊದೆಗಳನ್ನು ಬುಡಸಹಿತ ಕಿತ್ತು, ಮನೆ ಎದ್ದ ಮೇಲೆ ಗೇಟಿನ ಇಬ್ಬದಿಗೆ ದುಡ್ಡು ಕೊಟ್ಟು ಇಕ್ಸೋರಾದ ಕುಂಡಗಳನ್ನು ತಂದಿಡುವುದನ್ನು ನೋಡುತ್ತಿದ್ದೇನೆ. ಇದು ನನಗೆ ಸಂಕಟದ ವಿಷಯ. ಗಿಡ ಹೋದದ್ದಕ್ಕಿಂತಲೂ, ಆ ಮಣ್ಣು ಆಗಲು ಹಿಡಿದ ಕಾಲವನ್ನು ನೆನೆದರೆ ಸಂಕಟ ಹೆಚ್ಚುತ್ತದೆ. ವಿಜಯಪುರದಲ್ಲಿ ಅರ್ಧ ಡ್ರಮ್ಮಿನಷ್ಟು ಅಂಥ ಮಣ್ಣಿಗೆ ನಾವು ಪಟ್ಟ ಪಾಡು ನನಗೆ ಗೊತ್ತು.

ನಮ್ಮ ಮನೆಯ ಹಿಂದಿನ ಬರೆಯನ್ನೂ ಜಾರಿಸಿ ಶೆಡ್ಡು ಕಟ್ಟುವ ಮಾತು ಬಂದಿತ್ತು. ಅಣ್ಣನ ಮಗ ನಕ್ಷೆ ತಂದು ಮೇಜಿನ ಮೇಲೆ ಹರಡಿದ. "ಅತ್ತೆ, ನಾಲ್ಕು ಕೇಪುಳಕ್ಕಾಗಿ ಇಷ್ಟು ಜಾಗ ಬಿಡುವುದಾ? ಬೇಕಾದರೆ ಅಂಗಳದ ಸುತ್ತ ನರ್ಸರಿಯದ್ದೇ ಸಾಲಾಗಿ ನೆಡುವ."

ನಾನು ಅವನನ್ನು ಬರೆಯ ಹತ್ತಿರ ಕರೆದುಕೊಂಡು ಹೋಗಿ, ಕಲ್ಲಿನ ಸಂದಿನಲ್ಲಿ ಪಿಕಳಾರ ಬಿತ್ತಿದ ಸಸಿಗಳನ್ನು ತೋರಿಸಿದೆ. ನೀರಿಲ್ಲ, ಗೊಬ್ಬರವಿಲ್ಲ, ಅನ್ನಭೇದಿಯಿಲ್ಲ. ಒಂದೊಂದು ಎಲೆಯೂ ಹಸಿರು. ಬರೆ ನಿಂತಿರುವುದೂ ಇಂಥ ಬೇರುಗಳ ಹಿಡಿತದಿಂದಲೇ ಎಂದು ಹೇಳಿದೆ. ಅವನು ಆ ದಿನ ಒಪ್ಪಲಿಲ್ಲ. ಮಳೆಗಾಲದಲ್ಲಿ ಪಕ್ಕದ ಸೈಟಿನ ಕಡಿದ ಬರೆ ಕುಸಿದು ಮಣ್ಣು ರಸ್ತೆಗೆ ಬಂದ ಮೇಲೆ ನಕ್ಷೆಯಲ್ಲಿ ಶೆಡ್ಡು ಬಾವಿಯ ಆಚೆ ಬದಿಗೆ ಸರಿಯಿತು. ವಿಜಯಪುರದ ಹುಡುಗ ಈಗಲೂ ಫೋನು ಮಾಡುತ್ತಾನೆ. ಡ್ರಮ್ಮಿನ ಮಣ್ಣು ಹಳತಾಗಿದೆಯಂತೆ. ಅಣ್ಣನ ಮಗನೇ ಬರೆಯ ಬುಡಕ್ಕೆ ಉದುರಿದ ಕೆಮ್ಮಣ್ಣನ್ನು ಎರಡು ಚೀಲ ತುಂಬಿ ರಾತ್ರಿ ಬಸ್ಸಿಗೆ ಹಾಕಿ ಬಂದ.